ಮೂತ್ರದ ಫ್ಲೋರೈಡ್ ಅಳೆಯುವ ಹರಳು

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಕೊಳವೆಬಾವಿ ಕೊರೆಸಿದವರನ್ನು ಜನ ಮೊದಲು ಕೇಳುವುದು ಎಷ್ಟು ಇಂಚು ನೀರು ಬಿತ್ತು ಎಂದು. ಅದರಲ್ಲಿ ಫ್ಲೋರೈಡ್ ಎಷ್ಟಿದೆ ಎಂಬ ಮಾತು ಬರುವುದು ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡಿದ ಮೇಲೆ. ಗಂಗಾವತಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಭಾಗ್ಯವಿದೆ. ಒಣಸೀಮೆಗೆ ಬಹುಕಾಲ ಆಸರೆಯಾದದ್ದು ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ನಿಂತ ನೀರು. ಆ ಬಂಡೆಗಳ ಅಭ್ರಕ, ಅಪಟೈಟ್, ಫ್ಲೋರೈಟ್ ಖನಿಜಗಳಿಂದ ಫ್ಲೋರೈಡ್ ಸ್ವಲ್ಪ ಸ್ವಲ್ಪವೇ ನೀರಿಗೆ ಇಳಿಯುತ್ತದೆ. ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಅದು ಫ್ಲೋರೈಡಿನೊಡನೆ ಕೂಡಿ ತಳ ಸೇರುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡಿಗೆ ತಡೆಯಿಲ್ಲ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ.

ಊರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದು ನಾಣ್ಯ ಹಾಕಿದರೆ ಕ್ಯಾನ್ ತುಂಬತೊಡಗಿದರೆ ಕಡತದ ಮಟ್ಟಿಗೆ ಸಮಸ್ಯೆ ಮುಗಿಯಿತು. ಹೊಲಕ್ಕೆ ಹೋದ ಕೂಲಿಯವರು ಮಾತ್ರ ಪಂಪ್‌ಸೆಟ್ಟಿನ ನೀರನ್ನೇ ಕುಡಿಯುತ್ತಾರೆ. ಬೇಳೆ ಬೇಯುವುದು ನಲ್ಲಿಯ ನೀರಿನಲ್ಲಿ. ಚಹಾ ಗಿಡವಂತೂ ಮಣ್ಣಿನ ಫ್ಲೋರೈಡನ್ನು ಎಲೆಯಲ್ಲಿ ಕೂಡಿಡುತ್ತದೆ. ದಿನಕ್ಕೆ ನಾಲ್ಕೈದು ಲೋಟ ಚಹಾ ಕುಡಿಯುವವರ ಲೆಕ್ಕಕ್ಕೆ ಅದೂ ಸೇರಬೇಕು. ಹೀಗಾಗಿ ಒಬ್ಬರ ಮೈಗೆ ನಿಜಕ್ಕೂ ಎಷ್ಟು ಸೇರುತ್ತಿದೆ ಎಂದು ತಿಳಿಯಲು ನೀರಿನ ವರದಿ ಸಾಲದು, ಮೂತ್ರವನ್ನು ನೋಡಬೇಕು ಎಂಬುದು ನನ್ನ ವಾದ. ವಯಸ್ಕರ ದೇಹ ಹೀರಿಕೊಂಡ ಫ್ಲೋರೈಡಿನಲ್ಲಿ ಸರಿಸುಮಾರು ಅರ್ಧ ಮೂಳೆಗೆ ಹೋಗುತ್ತದೆ, ಉಳಿದದ್ದರಲ್ಲಿ ಬಹುಪಾಲು ಮೂತ್ರದಲ್ಲಿ ಹೊರಬೀಳುತ್ತದೆ. ಬೆಳೆಯುವ ಮಕ್ಕಳ ಮೂಳೆ ಇನ್ನೂ ಹೆಚ್ಚನ್ನು ಹಿಡಿದಿಟ್ಟುಕೊಳ್ಳುತ್ತದೆ.

ಅಳೆಯುವುದು ಹೇಗೆ? ನೀರಿನ ಪರೀಕ್ಷಾ ಕಿಟ್‌ಗಳಲ್ಲಿ ಬಣ್ಣದ ಉಪಾಯವಿದೆ: ಜಿರ್ಕೋನಿಯಂ ಬೆರೆತ ಬಣ್ಣವನ್ನು ಫ್ಲೋರೈಡ್ ಮಸುಕಾಗಿಸುತ್ತದೆ. ಮೂತ್ರಕ್ಕೆ ತನ್ನದೇ ಬಣ್ಣ ಇದೆ, ಸಾಲದೆಂಬಂತೆ ಅದರ ಫಾಸ್ಫೇಟ್ ಕೂಡ ಲೆಕ್ಕ ಕೆಡಿಸುತ್ತದೆ. ಹಿಂದೆ ಮಾದರಿಯನ್ನು ಆಮ್ಲದಲ್ಲಿ ಕುದಿಸಿ, ಫ್ಲೋರೈಡನ್ನು ಬಟ್ಟಿ ಇಳಿಸಿ ಬೇರ್ಪಡಿಸಬೇಕಾಗಿತ್ತು. 1966ರಲ್ಲಿ ಅಮೆರಿಕದ ಮಾರ್ಟಿನ್ ಫ್ರಾಂಟ್ ಮತ್ತು ಜೇಮ್ಸ್ ರಾಸ್ ಪ್ರಕಟಿಸಿದ ವಿದ್ಯುದ್ವಾರ ಈ ಪಾಡನ್ನೆಲ್ಲ ತಪ್ಪಿಸಿತು. ಅದಕ್ಕೆ ಬಣ್ಣದ ಗೊಡವೆಯೇ ಇಲ್ಲ.

ಪೆನ್ನಿನಂಥ ಕೊಳವೆ, ಅದರ ತುದಿಯಲ್ಲಿ ಲ್ಯಾಂಥನಮ್ ಫ್ಲೋರೈಡಿನ ಒಂದೇ ಹರಳಿನಿಂದ ಕತ್ತರಿಸಿದ ಬಿಲ್ಲೆ. ಹರಳಿಗೆ ಯುರೋಪಿಯಂ ಎಂಬ ಇನ್ನೊಂದು ಲೋಹವನ್ನು ಚೂರು ಬೆರೆಸಿರುತ್ತಾರೆ. ಲ್ಯಾಂಥನಮ್ ಅಯಾನಿನ ಮೇಲೆ ಮೂರು ಧನಾವೇಶಗಳಿದ್ದರೆ ಈ ಯುರೋಪಿಯಂ ಅಯಾನಿನ ಮೇಲೆ ಎರಡೇ. ಆದ್ದರಿಂದ ಅದು ಕೂತ ಕಡೆಯೆಲ್ಲ ಒಂದು ಫ್ಲೋರೈಡಿನ ಜಾಗ ಖಾಲಿ ಉಳಿಯುತ್ತದೆ. ಕಿಕ್ಕಿರಿದ ಬಸ್ಸಿನಲ್ಲಿ ಒಂದು ಸೀಟು ಖಾಲಿಯಾದಾಗ ಪಕ್ಕದವರು ಸರಿದು, ಅವರ ಜಾಗಕ್ಕೆ ಮತ್ತೊಬ್ಬರು ಸರಿಯುವಂತೆ ಫ್ಲೋರೈಡ್ ಅಯಾನುಗಳು ಹರಳಿನೊಳಗೆ ಜಾಗ ಬದಲಿಸುತ್ತವೆ. ಕ್ಲೋರೈಡ್ ಗಾತ್ರದಲ್ಲಿ ದೊಡ್ಡದು, ಅದಕ್ಕೆ ಅಲ್ಲಿ ಸ್ಥಳವಿಲ್ಲ. ಮೂತ್ರದ ತುಂಬ ಉಪ್ಪಿದ್ದರೂ ಹರಳು ಗುರುತಿಸುವುದು ಫ್ಲೋರೈಡನ್ನು ಮಾತ್ರ. ಮೋಸ ಮಾಡಬಲ್ಲದ್ದು ಹೈಡ್ರಾಕ್ಸೈಡ್ ಒಂದೇ, ಏಕೆಂದರೆ ಅದರ ಗಾತ್ರವೂ ಆವೇಶವೂ ಹೆಚ್ಚುಕಡಿಮೆ ಫ್ಲೋರೈಡಿನದ್ದೇ.

ಕೊಳವೆಯ ಒಳಗಿನ ದ್ರಾವಣದಲ್ಲಿ ಫ್ಲೋರೈಡಿನ ಪ್ರಮಾಣ ಗೊತ್ತಿರುತ್ತದೆ, ಹೊರಗಿನದು ಗೊತ್ತಿರುವುದಿಲ್ಲ. ಈ ವ್ಯತ್ಯಾಸದಿಂದ ಹರಳಿನ ಎರಡು ಮೈಗಳ ನಡುವೆ ವೋಲ್ಟೇಜ್ ಹುಟ್ಟುತ್ತದೆ. ಮನೆಯ ಗ್ಲುಕೋಮೀಟರ್ ರಕ್ತದ ಸಕ್ಕರೆಯನ್ನು ಉತ್ಕರ್ಷಿಸಿ ಹರಿಯುವ ಕರೆಂಟನ್ನು ಅಳೆಯುತ್ತದೆ. ಇಲ್ಲಿ ಕರೆಂಟನ್ನು ಬಹುತೇಕ ಹರಿಯಗೊಡದೆ ವೋಲ್ಟೇಜನ್ನಷ್ಟೇ ಓದುತ್ತಾರೆ, ಮಾದರಿ ಖರ್ಚಾಗುವುದಿಲ್ಲ. ಫ್ಲೋರೈಡ್ ಹತ್ತು ಪಟ್ಟು ಹೆಚ್ಚಿದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಓದು ಸುಮಾರು 59 ಮಿಲಿವೋಲ್ಟ್ ಇಳಿಯುತ್ತದೆ. ಹೌದು, ಇಳಿಯುತ್ತದೆ, ಏಕೆಂದರೆ ಫ್ಲೋರೈಡಿನದು ಋಣಾವೇಶ. ಒಂದೇ ಒಂದು ಮಿಲಿವೋಲ್ಟ್ ತಪ್ಪಿದರೂ ಫಲಿತಾಂಶದಲ್ಲಿ ಶೇಕಡಾ 4ರಷ್ಟು ವ್ಯತ್ಯಾಸ. ಕೊಪ್ಪಳದ ಮೇ ತಿಂಗಳ 40 ಡಿಗ್ರಿಯಲ್ಲಿ 59 ಇದ್ದದ್ದು 62 ಆಗುತ್ತದೆ. ಬೆಳಿಗ್ಗೆಯ ತಂಪಿನಲ್ಲಿ ಹೊಂದಿಸಿದ ಮೀಟರನ್ನು ಮಧ್ಯಾಹ್ನ ಫ್ಯಾನಿನ ಕೆಳಗೆ ಹಾಗೆಯೇ ಬಳಸಿದರೆ ವರದಿಯನ್ನು ನಂಬುವುದು ಕಷ್ಟ.

ಅಳೆಯುವ ಮುನ್ನ ಮೂತ್ರಕ್ಕೆ ಒಂದು ಬಫರ್ ದ್ರಾವಣ ಬೆರೆಸುತ್ತಾರೆ. ಅದು ಪಿಎಚ್ ಅನ್ನು 5ರಿಂದ 5.5ರ ಆಸುಪಾಸಿನಲ್ಲಿ ನಿಲ್ಲಿಸಿ ಹೈಡ್ರಾಕ್ಸೈಡಿನ ಕಾಟ ತಪ್ಪಿಸುತ್ತದೆ, ಅಲ್ಯುಮಿನಿಯಂ, ಕಬ್ಬಿಣಗಳ ಹಿಡಿತದಲ್ಲಿದ್ದ ಫ್ಲೋರೈಡನ್ನೂ ಬಿಡಿಸುತ್ತದೆ. ಮಾದರಿ ತರಬೇಕಾದದ್ದು ಪ್ಲಾಸ್ಟಿಕ್ ಬಾಟಲಿಯಲ್ಲಿ. ಬಿಸಿಲಿನಲ್ಲಿ ಬೆವರು ಸುರಿಸಿ ದುಡಿದವರ ಮೂತ್ರ ಗಟ್ಟಿಯಾಗಿರುತ್ತದೆ, ನೆರಳಿನಲ್ಲಿ ಕೂತು ನೀರು ಕುಡಿದವರದು ತೆಳ್ಳಗೆ. ಅದನ್ನು ಸರಿದೂಗಿಸಲು, ದೇಹ ಹೆಚ್ಚುಕಡಿಮೆ ಒಂದೇ ಗತಿಯಲ್ಲಿ ಮೂತ್ರಕ್ಕೆ ಬಿಡುವ ಕ್ರಿಯಾಟಿನಿನ್ ಎಂಬ ತ್ಯಾಜ್ಯವನ್ನೂ ಅಳೆಯಬೇಕು; ಈ ಭಾಗದಲ್ಲಿ ಅದನ್ನು ಬಿಟ್ಟ ವರದಿ ಅರೆಬರೆ ವರದಿ. ಫ್ಲೋರೈಡ್ ಅತಿಯಾಗಿ ಹಲ್ಲು, ಮೂಳೆ ಕೆಡುವ ಫ್ಲೋರೋಸಿಸ್ ರೋಗದ ತಡೆಗಾಗಿ 2008-09ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಜಿಲ್ಲಾ ಪ್ರಯೋಗಾಲಯಗಳಿಗೆ ಈ ಬಗೆಯ ಅಯಾನ್ ಮೀಟರ್ ಒದಗಿಸುವುದನ್ನು ತನ್ನ ಭಾಗವಾಗಿಸಿಕೊಂಡಿತು.

ನೀರಿನಲ್ಲಿ ಫ್ಲೋರೈಡ್ ಕಡಿಮೆಯಿರುವ ಊರಿನವರ ಮೂತ್ರದಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 1 ಮಿಲಿಗ್ರಾಂ ಒಳಗಿರುತ್ತದೆ. ಹಾಗೆಂದು ನೀರು ಬದಲಿಸಿದ ಮರುತಿಂಗಳೇ ಆ ಮಟ್ಟ ಕಾಣಬೇಕೆಂದು ಕಾಯುವುದು ತಪ್ಪು. ಅಮೆರಿಕದ ಟೆಕ್ಸಾಸ್‌ನ ಬಾರ್ಟ್ಲೆಟ್ ಊರಿನ ನೀರಿನಲ್ಲಿ 8 ಮಿಲಿಗ್ರಾಂ ಇದ್ದ ಫ್ಲೋರೈಡನ್ನು 1952ರಲ್ಲಿ ಸುಮಾರು 1ಕ್ಕೆ ಇಳಿಸಿದರು. ಎರಡು ವರ್ಷ ಕಳೆದರೂ ಅಲ್ಲಿನ ವಯಸ್ಕ ಗಂಡಸರ ಮೂತ್ರದಲ್ಲಿ ಫ್ಲೋರೈಡ್ 2 ಮಿಲಿಗ್ರಾಂಗಿಂತ ಮೇಲೆಯೇ ಇತ್ತು: ಮೂಳೆ ತಾನು ಕೂಡಿಟ್ಟದ್ದನ್ನು ನಿಧಾನವಾಗಿ ಹೊರಬಿಡುತ್ತಿತ್ತು. ನಮ್ಮ ಊರುಗಳಲ್ಲೂ ಒಂದು ಓದಿನಿಂದ ತೀರ್ಪು ಕೊಡದೆ, ಅದೇ ಜನರನ್ನು ಆರು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಸಂಖ್ಯೆ ಇಳಿಯುತ್ತಾ ಹೋದರೆ ಹೊಸ ನೀರು ಕೆಲಸ ಮಾಡುತ್ತಿದೆ. ಇದ್ದಲ್ಲೇ ನಿಂತರೆ ಹೊಲದ ಪಂಪ್‌ಸೆಟ್ಟಿನ ಬಳಿ ಹೋಗಿ ವಿಚಾರಿಸಬೇಕು.