ಕೆಂಪು ಮೂತಿ ಹುಳುವಿಗೆ ಬಕೆಟ್ ಬಲೆ: ಎಲ್ಲಿಂದ ಬಂತು, ಎಲ್ಲಿ ಸೋಲುತ್ತಿದೆ

ಮೈಸೂರಿನ ಹೊಸ ಬಡಾವಣೆ, ರೆಸಾರ್ಟುಗಳ ಮುಂದೆ ಸಾಲಾಗಿ ನೆಟ್ಟಿರುವ ಅಲಂಕಾರಿಕ ತಾಳೆಗಳಲ್ಲಿ ಒಂದರ ಸುಳಿ ಇದ್ದಕ್ಕಿದ್ದಂತೆ ವಾಲುತ್ತದೆ. ನೀರು ಸಾಲಲಿಲ್ಲವೇನೋ, ಬೇರು ಹಿಡಿಯಲಿಲ್ಲವೇನೋ ಎಂದುಕೊಳ್ಳುವಷ್ಟರಲ್ಲಿ ಪಕ್ಕದ ಮರಕ್ಕೂ ಅದೇ ಗತಿ. ಕಾಂಡ ಸೀಳಿದರೆ ಎಷ್ಟೋ ಕಡೆ ಸಿಗುವುದು ಮದ್ದೂರು, ನಾಗಮಂಗಲ, ಕೆ.ಆರ್. ಪೇಟೆಯ ತೆಂಗು ಬೆಳೆಗಾರರು ತಲೆಮಾರುಗಳಿಂದ ಬಲ್ಲ ಕೆಂಪು ಮೂತಿ ಹುಳು. ತೆಂಗಿನವರಿಗೆ ಈ ಹುಳು ಗೊತ್ತು, ನರ್ಸರಿ ಮತ್ತು ಬಡಾವಣೆಯವರಿಗೆ ಅಷ್ಟಾಗಿ ಗೊತ್ತಿಲ್ಲ. ಹುಳುವನ್ನು ವಾಸನೆಯಿಂದ ಸೆಳೆದು ಬೀಳಿಸುವ ಬಕೆಟ್ ಬಲೆಯ ಬಗ್ಗೆ ಇಷ್ಟೊಂದು ಗೊಂದಲ ಹುಟ್ಟಿರುವುದು ಈ ಅಂತರದಲ್ಲೇ.

ಹುಳು ನಮ್ಮದೇ ಏಷ್ಯಾದ್ದು. 1790ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರು ಬಿತ್ತು, 20ನೇ ಶತಮಾನದ ಆರಂಭಕ್ಕೆ ಭಾರತದಲ್ಲಿ ತೆಂಗಿನ ಪೀಡೆಯೆಂದು ದಾಖಲಾಯಿತು, 1980ರ ದಶಕದ ಮಧ್ಯದಲ್ಲಿ ಕೊಲ್ಲಿ ದೇಶಗಳ ಖರ್ಜೂರದ ತೋಟ ಹೊಕ್ಕಿತು, 1990ರ ದಶಕದಲ್ಲಿ ಈಜಿಪ್ಟ್ ಮತ್ತು ಸ್ಪೇನ್ ಮುಟ್ಟಿತು. ಅಷ್ಟು ದೂರ ಅದು ಹಾರಿಕೊಂಡು ಹೋದದ್ದಲ್ಲ, ಬೇರುಸಮೇತ ಕಿತ್ತು ಸಾಗಿಸಿದ ಮರಗಳೊಳಗೆ ಕೂತು ಹೋಯಿತು. ಸ್ಪೇನಿನ ಕ್ಯಾನರಿ ದ್ವೀಪಗಳಲ್ಲಿ ಹೊರಗಿನ ತಾಳೆ ತರುವುದನ್ನು ತಡೆದು, ಹುಳು ಬಿದ್ದ ಮರಗಳನ್ನು ಹುಡುಕಿ ನಾಶಮಾಡಿ, ಬಲೆಗಳನ್ನು ಬಿಡದೆ ನೋಡಿಕೊಂಡರು. 2016ರಲ್ಲಿ ಹುಳು ಇಲ್ಲವೆಂದು ಘೋಷಣೆಯಾಯಿತು. ಬಲೆಯೊಂದರಿಂದಲೇ ಆದ ಕೆಲಸ ಅದಲ್ಲ ಎಂಬುದನ್ನು ಇಲ್ಲಿ ಬಲೆ ಹಂಚುವಾಗಲೂ ಹೇಳಬೇಕು.

ಬಲೆಯ ಯೋಚನೆ ಹಳೆಯದು. ತೆಂಗಿನ ಕಾಂಡ ಅಥವಾ ಮಟ್ಟೆಯನ್ನು ಸೀಳಿ, ಹಸಿ ಹೆಂಡ ಸವರಿ ತೋಟದಲ್ಲಿಟ್ಟರೆ ಹುದುಗಿದ ವಾಸನೆಗೆ ಹುಳು ಬರುತ್ತಿತ್ತು. ಬೆಳಿಗ್ಗೆ ಆರಿಸಿ ಕೊಲ್ಲುತ್ತಿದ್ದರು. ನಮ್ಮ ಕಡೆ ಹೆಂಡ ಇಳಿಸುವುದು ನಿಂತ ಮೇಲೆ ಆ ದಾರಿ ಕಷ್ಟವಾಯಿತು. 1993ರಲ್ಲಿ ಗಂಡು ಹುಳು ಬಿಡುವ ವಾಸನೆಯ ರಾಸಾಯನಿಕವನ್ನು ಗುರುತಿಸಿದರು, ಬಲೆಯಲ್ಲಿಡುವ ಮೋಹಕ ಅದೇ. ಅದಕ್ಕೆ ಹೆಣ್ಣೂ ಬರುತ್ತದೆ, ಗಂಡೂ ಬರುತ್ತದೆ. ಬೀಳುವುದರಲ್ಲಿ ಹೆಣ್ಣೇ ಹೆಚ್ಚು. ಒಂದು ಹೆಣ್ಣು 200ರಿಂದ 300 ಮೊಟ್ಟೆ ಇಡಬಲ್ಲದು, ಹಾಗಾಗಿ ಬಕೆಟ್ಟಿಗೆ ಬಿದ್ದ ಪ್ರತಿಯೊಂದು ಹೆಣ್ಣಿಗೂ ಬೆಲೆಯಿದೆ.

ಬಲೆಗೆ ದುಡ್ಡು ಕೊಟ್ಟು ತರಲೇಬೇಕಾದದ್ದು ಮೋಹಕದ ಪೊಟ್ಟಣ ಮಾತ್ರ. ಮುಚ್ಚಳವಿರುವ 5ರಿಂದ 10 ಲೀಟರಿನ ಹಳೆಯ ಬಣ್ಣದ ಡಬ್ಬ ಸಾಕು, ಕಪ್ಪು ಅಥವಾ ಗಾಢ ಬಣ್ಣದ್ದಾದರೆ ಉತ್ತಮ. ಚೆನ್ನಾಗಿ ತೊಳೆಯಿರಿ, ಬಣ್ಣದ ವಾಸನೆ ಉಳಿಯಬಾರದು. ಬಾಯಿಯಿಂದ ಸ್ವಲ್ಪ ಕೆಳಗೆ ನಾಲ್ಕು ಕಡೆ 5 ಸೆಂ.ಮೀ. ಉದ್ದ, 1.5 ಸೆಂ.ಮೀ. ಅಗಲದ ಕಿಂಡಿ ಕೊರೆಯಿರಿ. ಹೊರಮೈಗೆ ಗೋಣಿತಟ್ಟು ಸುತ್ತಿ ಬಿಗಿಯಾಗಿ ಕಟ್ಟಿ. ಹುಳು ಡಬ್ಬದ ಮೇಲೆ ಇಳಿದು ತೆವಳಿ ಕಿಂಡಿ ಹುಡುಕುತ್ತದೆ, ನುಣುಪು ಪ್ಲಾಸ್ಟಿಕ್ಕಿನ ಮೇಲೆ ಕಾಲು ನಿಲ್ಲದೆ ಜಾರಿಬೀಳುತ್ತದೆ. ಒಳಮೈ ಮಾತ್ರ ನುಣುಪಾಗಿಯೇ ಇರಲಿ.

ಮೋಹಕವನ್ನು ಮುಚ್ಚಳದ ಒಳಗಡೆ ತಂತಿಯಲ್ಲಿ ತೂಗುಹಾಕಿ, ನೀರಿಗೆ ತಾಗಬಾರದು. ಅದೊಂದೇ ಇದ್ದರೆ ಹುಳು ಬಲೆಯ ಹತ್ತಿರ ಸುಳಿದಾಡಿ ಪಕ್ಕದ ಮರಕ್ಕೆ ಹೋಗಿಬಿಡುತ್ತದೆ. ಒಳಗೆ ಇಳಿಸುವುದು ತಿನಿಸು. ಮಂಡ್ಯದಲ್ಲಿ ಅದಕ್ಕೆ ಹುಡುಕಾಟ ಬೇಡ: ಉದ್ದಕ್ಕೆ ಸೀಳಿದ ಹಸಿ ಕಬ್ಬಿನ ತುಂಡು ಅಥವಾ ಕಳಿತ ಬಾಳೆಹಣ್ಣು ಕಾಲು ಕಿಲೋದಷ್ಟು, ಹಿಡಿ ಬೆಲ್ಲ, ಚಿಟಿಕೆ ಯೀಸ್ಟ್, ಒಂದು ಲೀಟರ್ ನೀರು. ಬಿದ್ದ ಹುಳು ಮುಳುಗಲೆಂದು ಅರ್ಧ ಚಮಚ ಸೋಪಿನ ಪುಡಿ. ನೀರು ಕಿಂಡಿಗಿಂತ ಚೆನ್ನಾಗಿ ಕೆಳಗಿರಬೇಕು.

ಸೋಲುವುದು ಇದಾದ ಮೇಲೆ. ಬೇಸಿಗೆಯಲ್ಲಿ ವಾರದೊಳಗೆ ನೀರು ಆವಿಯಾಗುತ್ತದೆ, ಒಣಗಿದ ಡಬ್ಬದಲ್ಲಿ ಹುಳು ಮುಳುಗದೆ ಹೊರಬರುತ್ತದೆ. ಅದಕ್ಕೇ ವಾರಕ್ಕೊಮ್ಮೆ, ಹೆಚ್ಚೆಂದರೆ ಹತ್ತು ದಿನಕ್ಕೊಮ್ಮೆ, ನೀರು ಮತ್ತು ತಿನಿಸು ಬದಲಿಸಲೇಬೇಕು. ಮೋಹಕ ಸಾಮಾನ್ಯವಾಗಿ ಮೂರ್ನಾಲ್ಕು ತಿಂಗಳು ಬರುತ್ತದೆ, ಬಿಸಿಲಿಗೆ ಬಿಟ್ಟರೆ ಬೇಗ ಮುಗಿಯುತ್ತದೆ. ನೆರಳಿನಲ್ಲಿ, ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಕಟ್ಟಿ. ಕಟ್ಟುವುದು ಗೂಟಕ್ಕೆ, ಎಂದೂ ತಾಳೆ ಮರಕ್ಕಲ್ಲ. ಎಳೆ ಗಿಡಗಳ ನಡುವೆ ತೂಗುಹಾಕಿದರೆ ಹುಳುವನ್ನು ಕರೆದು ಊಟಕ್ಕೆ ಕೂರಿಸಿದಂತೆ. ನರ್ಸರಿಯಲ್ಲಿ ಬಲೆಯ ಜಾಗ ಬೇಲಿಯ ಅಂಚು. ನಿಗಾ ಇಡುವುದಕ್ಕೆ ಎರಡೂವರೆ ಎಕರೆಗೆ ಒಂದು ಸಾಕು. ಒಬ್ಬನೇ ಕಟ್ಟಿದರೆ ಸುತ್ತಲಿನ ಹುಳುವೆಲ್ಲ ಅವನ ಕಡೆಗೇ ತಿರುಗುತ್ತದೆ. ಅಕ್ಕಪಕ್ಕದ ತೋಟದವರು ಒಟ್ಟಿಗೆ ಕಟ್ಟಿದಾಗ ಫಲ ಹೆಚ್ಚು. ಕಟ್ಟುವ ದಿನ ಇರುವ ಉತ್ಸಾಹ ನೀರು ಬದಲಿಸುವ ದಿನ ಇರುವುದಿಲ್ಲ, ಅದಕ್ಕೊಬ್ಬ ಆಳನ್ನು ಗೊತ್ತುಮಾಡಿದ ಕಡೆ ಮಾತ್ರ ಬಲೆ ನಡೆಯುತ್ತದೆ.

ಬಲೆಗೆ ಬೀಳುವುದು ಹಾರುವ ಹುಳು, ಅಂದರೆ ಬೆಳೆದ ದುಂಬಿ ಮಾತ್ರ. ಕಾಂಡದೊಳಗೆ ತಿನ್ನುತ್ತಿರುವ ಮರಿಹುಳುವಿಗೆ ಅದರಿಂದ ಏನೂ ಆಗುವುದಿಲ್ಲ. ಮೊಟ್ಟೆಯಿಂದ ದುಂಬಿಯಾಗಲು ಮೂರ್ನಾಲ್ಕು ತಿಂಗಳು ಬೇಕು, ಆ ಕಾಲದಲ್ಲಿ ಮರ ಹೆಚ್ಚಾಗಿ ಹೊರಗೆ ಹಸಿರಾಗಿಯೇ ಕಾಣುತ್ತದೆ. ಕಂದು ರಸ ಸೋರುವ ತೂತು, ಅಗಿದು ಹೊರದಬ್ಬಿದ ನಾರು, ಮಟ್ಟೆಯ ಬುಡದಲ್ಲಿ ನಾರು ಸುತ್ತಿದ ಗೂಡು ಕಂಡರೆ ಆ ಮರಕ್ಕೆ ಬೇರೆ ಉಪಚಾರ ಬೇಕು.

ಹುಳು ಮೊಟ್ಟೆಯಿಡಲು ಹುಡುಕುವುದು ಗಾಯ. ತೆಂಗಿನಲ್ಲಿ ಅದನ್ನು ಮೊದಲು ಮಾಡಿಕೊಡುವುದು ಸುಳಿ ಕೊರೆಯುವ ರೈನೋಸರಸ್ ದುಂಬಿ. ಅದರ ಮೋಹಕವೇ ಬೇರೆ, ಈ ಬಲೆ ಅದಕ್ಕಾಗದು. ಅಲಂಕಾರಿಕ ತಾಳೆಗೆ ಗಾಯ ಮಾಡುವವರು ಹೆಚ್ಚಾಗಿ ಮನುಷ್ಯರೇ. ನೋಟ ಚೊಕ್ಕವಾಗಲೆಂದು ಹಸಿ ಮಟ್ಟೆಯನ್ನು ಕಾಂಡದ ಮಟ್ಟಕ್ಕೆ ಕತ್ತರಿಸುತ್ತಾರೆ, ಕ್ರೇನಿನ ಹಗ್ಗ ಉಜ್ಜಿ ತೊಗಟೆ ಸುಲಿಯುತ್ತದೆ. ತೆಂಗಿನಲ್ಲಿ ಗರಿ ಕತ್ತರಿಸುವಾಗ ನಾಲ್ಕು ಅಡಿ ಮಟ್ಟೆ ಉಳಿಸಬೇಕೆಂಬ ಸಲಹೆ ಹಳೆಯದು, ಈಚಲು ಜಾತಿಯ ತಾಳೆಯಲ್ಲಿ ಒಣಗಿದ ಗರಿಯನ್ನಷ್ಟೇ ತೆಗೆಯಿರಿ. ಬೇರೆ ಊರಿಂದ ಬಂದ ಮರವನ್ನು ನೆಡುವ ಮೊದಲು ಕೆಲವು ತಿಂಗಳು ಪ್ರತ್ಯೇಕವಾಗಿಟ್ಟು ತೂತು, ನಾರು ನೋಡುವ ರೂಢಿ ಖರೀದಿಯ ಕರಾರಿನಲ್ಲೇ ಸೇರಬೇಕು.

ಸತ್ತ ಮರವನ್ನು ಕಡಿದು ಮೂಲೆಗೆ ಎಸೆದರೆ ಒಳಗಿನ ಗೂಡುಗಳಿಂದ ವಾರಗಳವರೆಗೆ ದುಂಬಿ ಹೊರಡುತ್ತಲೇ ಇರುತ್ತದೆ. ಕಾಂಡವನ್ನು ತುಂಡು ಮಾಡಿ, ಉದ್ದಕ್ಕೆ ಸೀಳಿ, ಸುಳಿಯ ಭಾಗವನ್ನು ಅಂದೇ ಸುಟ್ಟುಬಿಡಬೇಕು. ಬೇಲಿಯ ಅಂಚಿನ ಬಲೆಯನ್ನು ಆಮೇಲೂ ಮೂರ್ನಾಲ್ಕು ತಿಂಗಳು ತೆಗೆಯಬಾರದು.