‘ನಿಮ್ಮ ಬೇಸಾಯ’ ಯಾವಾಗ ‘ನಮ್ಮ ಬೇಸಾಯ’ ಆಯಿತು?

ಎಷ್ಟು ಎಕರೆ ಜಮೀನಿತ್ತು? ಗೊತ್ತಿಲ್ಲ. ಗಂಡನಿಗೆ ಯಾರ್‍ಯಾರಿಂದ ಸಾಲ ವಾಪಸ್ ಬರಬೇಕಿತ್ತು? ಅದೂ ಗೊತ್ತಿಲ್ಲ. ಮನೆಯಲ್ಲಿ ಏನೇನಿತ್ತು? ಈ ಪ್ರಶ್ನೆಗೆ ಮಾತ್ರ ಉತ್ತರ ಥಟ್ಟನೆ ಬರುತ್ತಿತ್ತು. ಬೆಳ್ಳಿ ಸಾಮಾನು ಇಷ್ಟು, ಕುರ್ಚಿ ಇಷ್ಟು, ಹಾಸಿಗೆ ಇಷ್ಟು, ಅಡುಗೆಮನೆಯ ಪಾತ್ರೆ ಇಷ್ಟು.

ಇದು 1780ರ ದಶಕದ ಮಾತು. ಅಮೆರಿಕದ ಕ್ರಾಂತಿಯಲ್ಲಿ ಬ್ರಿಟನ್ನಿನ ರಾಜನ ಪರ ನಿಂತವರು ಸೋತ ಮೇಲೆ ಮನೆಮಠ ಬಿಟ್ಟು ಓಡಬೇಕಾಯಿತು. ಕಳೆದುಕೊಂಡದ್ದಕ್ಕೆ ಪರಿಹಾರ ಕೊಡಿ ಎಂದು ಅವರು ಬ್ರಿಟಿಷ್ ಸರ್ಕಾರಕ್ಕೆ ಅರ್ಜಿ ಹಾಕಿದರು. ಒಟ್ಟು 3,225 ಅರ್ಜಿಗಳು. ಅದರಲ್ಲಿ ಹೆಂಗಸರು ಹಾಕಿದ್ದು 468. ಗಂಡಸರ ಅರ್ಜಿಗಳಲ್ಲಿ ಜಮೀನಿನ ಬೆಲೆ, ಬರಬೇಕಾದ ಬಾಕಿ, ಎಲ್ಲದರ ಲೆಕ್ಕ ಇತ್ತು. ಹೆಂಗಸರಿಗೆ ಮನೆಯೊಳಗಿನ ಲೆಕ್ಕ ಬಾಯಿಪಾಠ, ಹೊರಗಿನದು ಕತ್ತಲೆ. ಹಳ್ಳಿಯವರಾದರೆ ದನಕರು, ಬೇಸಾಯದ ಸಾಮಾನುಗಳನ್ನೂ ಎಣಿಸಿ ಹೇಳುತ್ತಿದ್ದರು. ಪಟ್ಟಣದ ದೊಡ್ಡ ಮನೆಯ ಹೆಂಗಸರಿಗೆ ಅದೂ ಇಲ್ಲ.

ಈ ಕಡತಗಳು ಸುಮಾರು ಇನ್ನೂರು ವರ್ಷ ಲಂಡನ್ನಿನಲ್ಲೇ ಇದ್ದವು. ಅವುಗಳ ಮುಂದೆ ಕೂತು ‘ಇವರಿಗೆ ಇದೆಲ್ಲ ಯಾಕೆ ಗೊತ್ತಿರಲಿಲ್ಲ?’ ಎಂದು ಕೇಳಿದವರು ಅಮೆರಿಕದ ಇತಿಹಾಸಕಾರ್ತಿ ಮೇರಿ ಬೆತ್ ನಾರ್ಟನ್. ಮೊದಲ ಸಲ ಅವರೂ ಆ ಪ್ರಶ್ನೆ ಕೇಳಿರಲಿಲ್ಲ. 1969ರಲ್ಲಿ ಹಾರ್ವರ್ಡ್‌ನಲ್ಲಿ ಅವರು ಪಿಎಚ್‌ಡಿ ಮಾಡಿದ್ದು ಇದೇ ರಾಜನಿಷ್ಠರ ಮೇಲೆ. 1972ರಲ್ಲಿ ಬಂದ ಅವರ ಮೊದಲ ಪುಸ್ತಕದ ತುಂಬ ಇರುವುದು ದೇಶ ಬಿಟ್ಟುಬಂದ ಗಣ್ಯರ ರಾಜಕೀಯ. 468 ಹೆಂಗಸರ ಬಗ್ಗೆ ಅವರ ಲೇಖನ ಬಂದದ್ದು 1976ರಲ್ಲಿ. ಕಡತ ಅದೇ, ಓದಿದವರೂ ಅವರೇ. ಬದಲಾಗಿದ್ದು ಕಾಲ.

ಅಷ್ಟರವರೆಗೆ ಯಾರೂ ಏನೂ ಬರೆದಿರಲಿಲ್ಲ ಅಂತಲ್ಲ. ಎಲಿಜಬೆತ್ ಎಲೆಟ್ 1848ರಲ್ಲೇ ಕ್ರಾಂತಿಕಾಲದ ಹೆಂಗಸರ ಬಗ್ಗೆ ಪುಸ್ತಕ ತಂದಿದ್ದರು. ಜೂಲಿಯಾ ಚೆರ್ರಿ ಸ್ಪ್ರೂಯಿಲ್ 1938ರಲ್ಲಿ ದಕ್ಷಿಣದ ವಸಾಹತುಗಳ ಹೆಂಗಸರ ಬದುಕನ್ನು ಪತ್ರ, ಉಯಿಲು, ಪತ್ರಿಕೆಗಳಿಂದ ಹೆಕ್ಕಿ ಹೆಕ್ಕಿ ಬರೆದರು. ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಇದನ್ನು ‘ನಿಜವಾದ’ ಇತಿಹಾಸ ಎಂದು ಒಪ್ಪಲಿಲ್ಲ. ಅಲ್ಲಿನ ಇತಿಹಾಸಕಾರರ ಸಂಘ ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್ ಶುರುವಾಗಿದ್ದು 1884ರಲ್ಲಿ. ಅದಕ್ಕೆ ಮೊದಲ ಮಹಿಳಾ ಅಧ್ಯಕ್ಷರು ಬಂದದ್ದು 1943ರಲ್ಲಿ, ನೆಲ್ಲಿ ನೀಲ್ಸನ್. ಎರಡನೆಯವರು 1987ರಲ್ಲಿ, ನಟಾಲಿ ಝೀಮನ್ ಡೇವಿಸ್. ನಡುವೆ 44 ವರ್ಷ. ನಾರ್ಟನ್ 1971ರಲ್ಲಿ ಕಾರ್ನೆಲ್‌ಗೆ ಸೇರಿದಾಗ ಅಲ್ಲಿನ ಇತಿಹಾಸ ವಿಭಾಗಕ್ಕೆ ಮೊದಲ ಮಹಿಳಾ ಪ್ರಾಧ್ಯಾಪಕಿ. ವಿಷಯ ಯಾಕೆ ಇಷ್ಟು ತಡವಾಗಿ ಬಂತು ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಕಾಣುವುದಿಲ್ಲ. ಕೇಳುವವರು ಒಳಗೆ ಇರಬೇಕಲ್ವಾ?

ಕೇಳಲು ಶುರು ಮಾಡಿದ ಮೇಲೆ ಸಿಕ್ಕಿದ್ದು ಹೆಚ್ಚಾಗಿ ಸಿರಿವಂತ ಮನೆಗಳ ಕಾಗದ. ಅದಕ್ಕೆ ಸರಳ ಕಾರಣವಿದೆ. ಅಕ್ಷರ ಬಂದವರು, ಬರೆಯಲು ಪುರುಸೊತ್ತು ಇದ್ದವರು, ಬರೆದದ್ದನ್ನು ಪೆಟ್ಟಿಗೆಯಲ್ಲಿಟ್ಟು ಕಾಯುವ ಮೊಮ್ಮಕ್ಕಳಿದ್ದವರು ಅವರೇ. ಗಂಡ ದೊಡ್ಡ ಮನುಷ್ಯ ಎಂದು ಅವನ ಪತ್ರ ಉಳಿಸಿದರು, ಜೊತೆಗೆ ಹೆಂಡತಿಯದೂ ಉಳಿಯಿತು. ಮುಂದೆ ಅಮೆರಿಕದ ಎರಡನೇ ಅಧ್ಯಕ್ಷರಾದ ಜಾನ್ ಆಡಮ್ಸ್ ಮತ್ತು ಹೆಂಡತಿ ಅಬಿಗೈಲ್ ಪರಸ್ಪರ ಬರೆದ 1,100ಕ್ಕೂ ಹೆಚ್ಚು ಪತ್ರಗಳು ಇವತ್ತಿಗೂ ಓದಲು ಸಿಗುವುದು ಹೀಗೆ. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಹೆಂಡತಿ ಮಾರ್ಥಾ ಮಾತ್ರ ಗಂಡ ತೀರಿಕೊಂಡ ಮೇಲೆ ಇಬ್ಬರ ಪತ್ರಗಳನ್ನೂ ಸುಟ್ಟುಬಿಟ್ಟರು. ಬೆರಳೆಣಿಕೆಯಷ್ಟು ಉಳಿದಿವೆ.

ಯುದ್ಧಕಾಲದ ಪತ್ರಗಳನ್ನು ಓದುತ್ತಾ ನಾರ್ಟನ್ ಕಂಡುಕೊಂಡ ಒಂದು ಸಣ್ಣ ಸಂಗತಿ ನನಗೆ ತುಂಬ ಇಷ್ಟ. ನ್ಯೂ ಹ್ಯಾಂಪ್‌ಶೈರ್‌ನ ಡಾಕ್ಟರ್ ಜೊಸಾಯಾ ಬಾರ್ಟ್‌ಲೆಟ್ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲೊಬ್ಬರು. ಅವರು ಫಿಲಡೆಲ್ಫಿಯಾದಲ್ಲಿ ವಸಾಹತುಗಳ ಪ್ರತಿನಿಧಿಗಳ ಸಭೆಯಲ್ಲಿದ್ದಾಗ ಊರಿನಲ್ಲಿ ಹೊಲ, ಆಳು, ಮಕ್ಕಳು, ಎಲ್ಲ ಹೆಂಡತಿ ಮೇರಿಯ ತಲೆ ಮೇಲೆ. 1776ರ ಪತ್ರದಲ್ಲಿ ಮೇರಿ ‘ನಿಮ್ಮ ಬೇಸಾಯ’ ಎಂದು ಬರೆಯುತ್ತಾರೆ. 1778ರ ಹೊತ್ತಿಗೆ ಅದು ‘ನಮ್ಮ ಬೇಸಾಯ’ ಆಗಿದೆ. ಯಾರೂ ಹೇಳಿಕೊಟ್ಟದ್ದಲ್ಲ. ಎರಡು ವರ್ಷ ಬಿತ್ತಿ, ಕೊಯ್ದು, ಲೆಕ್ಕ ಬರೆದ ಕೈಗೆ ಆ ಮಾತು ತಾನಾಗಿ ಬಂತು.

ಲೂಸಿ ನಾಕ್ಸ್ ಅಷ್ಟು ಮೆಲ್ಲಗೆ ಹೇಳಲಿಲ್ಲ. ಮ್ಯಾಸಚೂಸೆಟ್ಸ್ ಪ್ರಾಂತ್ಯದ ದೊಡ್ಡ ಅಧಿಕಾರಿಯ ಮಗಳು ಆಕೆ. ಅಪ್ಪ ಅಮ್ಮ ರಾಜನ ಪರ, ಕೈಹಿಡಿದ ಗಂಡ ಹೆನ್ರಿ ವಾಷಿಂಗ್ಟನ್ನರ ಸೈನ್ಯದ ಫಿರಂಗಿ ಪಡೆಯ ಮುಖ್ಯಸ್ಥ. ತವರಿನವರು 1776ರಲ್ಲಿ ಹಡಗು ಹತ್ತಿ ಹೋದರು, ಮತ್ತೆ ಮುಖ ನೋಡಲಿಲ್ಲ. ಮುಂದಿನ ವರ್ಷ, 21ರ ವಯಸ್ಸಿನಲ್ಲಿ, ಲೂಸಿ ಗಂಡನಿಗೆ ಬರೆದರು: ಮನೆಗೆ ಬಂದ ಮೇಲೆ ಇಲ್ಲಿಗೂ ನೀವೇ ಮಹಾದಂಡನಾಯಕರು ಅಂದುಕೊಳ್ಳಬೇಡಿ, ಸಮಾನ ಅಧಿಕಾರ ಅನ್ನುವುದೂ ಒಂದಿದೆ.

1780ರಲ್ಲಿ ಫಿಲಡೆಲ್ಫಿಯಾದ ದೊಡ್ಡ ಮನೆಗಳ ಹೆಂಗಸರು ಬೀದಿಗಿಳಿದರು. ಎಸ್ತರ್ ರೀಡ್ ಮುಂದಾಳು. ಮನೆಮನೆಯ ಬಾಗಿಲು ತಟ್ಟಿ ಸೈನಿಕರಿಗಾಗಿ ಕಾಗದದ ನೋಟಿನಲ್ಲಿ 3 ಲಕ್ಷ ಡಾಲರ್‌ಗೂ ಜಾಸ್ತಿ ಎತ್ತಿದರು. ಆ ನೋಟಿಗೆ ಬೆಲೆ ಬಿದ್ದುಹೋಗಿದ್ದರಿಂದ ಬೆಳ್ಳಿನಾಣ್ಯದ ಲೆಕ್ಕದಲ್ಲಿ ಅದು ಸುಮಾರು 7,500 ಅಷ್ಟೇ. ಪ್ರತಿ ಸೈನಿಕನ ಕೈಗೂ ನಗದು ಕೊಡೋಣ ಎಂಬುದು ಎಸ್ತರ್ ಆಸೆ. ವಾಷಿಂಗ್ಟನ್ ಒಪ್ಪಲಿಲ್ಲ, ಅಂಗಿ ಹೊಲಿಸಿಕೊಡಿ ಎಂದರು. ಎಸ್ತರ್ ಆ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಬೆಂಜಮಿನ್ ಫ್ರಾಂಕ್ಲಿನ್ ಮಗಳು ಸಾರಾ ಬೇಚ್ ಕೆಲಸ ಮುಗಿಸಿದರು. ಎರಡು ಸಾವಿರಕ್ಕೂ ಹೆಚ್ಚು ಅಂಗಿಗಳು. ಒಂದೊಂದರ ಮೇಲೂ ಹೊಲಿದವಳ ಹೆಸರು.

ಇಷ್ಟೆಲ್ಲ ಆದ ಮೇಲೆ ಏನು ಬದಲಾಯಿತು? ಇಲ್ಲೇ ವಿದ್ವಾಂಸರ ದಾರಿ ಬೇರೆಯಾಗುವುದು. 1980ರಲ್ಲಿ ಈ ವಿಷಯದ ಮೇಲೆ ಎರಡು ದೊಡ್ಡ ಪುಸ್ತಕಗಳು ಬಂದವು, ಒಂದು ನಾರ್ಟನ್ನರದು, ಇನ್ನೊಂದು ಅಯೋವಾ ವಿಶ್ವವಿದ್ಯಾಲಯದ ಲಿಂಡಾ ಕರ್ಬರ್ ಅವರದು. ಕರ್ಬರ್ ಕೂಡ ಮೊದಲು ಬರೆದಿದ್ದು ಗಂಡಸರ ರಾಜಕೀಯ ಪಕ್ಷದ ಮೇಲೆ. ನಾರ್ಟನ್ ಕಣ್ಣಿಗೆ ಹೆಂಗಸರ ಆತ್ಮವಿಶ್ವಾಸ, ಹೆಣ್ಣುಮಕ್ಕಳ ಓದು, ಗಂಡಹೆಂಡಿರ ನಡುವಿನ ಮಾತುಕತೆ ಎಲ್ಲ ಬೆಳೆದದ್ದು ಕಂಡಿತು. ಕರ್ಬರ್ ಕಾನೂನಿನ ಪುಸ್ತಕ ತೆಗೆದರು. ಮದುವೆಯಾದ ಹೆಣ್ಣಿನ ಆಸ್ತಿ ಗಂಡನ ಕೈಗೇ ಹೋಗುವ ಹಳೆಯ ಇಂಗ್ಲಿಷ್ ಕಾನೂನು ಕ್ರಾಂತಿಯಾದ ಮೇಲೂ ಹಾಗೇ ಇತ್ತು. ಹೊಸ ಗಣರಾಜ್ಯ ಹೆಣ್ಣಿಗೆ ಕೊಟ್ಟ ರಾಜಕೀಯ ಒಂದೇ: ಒಳ್ಳೆಯ ಪ್ರಜೆಗಳಾಗುವಂತೆ ಗಂಡುಮಕ್ಕಳನ್ನು ಬೆಳೆಸುವುದು. ಇದಕ್ಕೆ ಕರ್ಬರ್ ‘ಗಣರಾಜ್ಯದ ತಾಯಿ’ ಎಂದು ಹೆಸರಿಟ್ಟರು. ನ್ಯೂಜೆರ್ಸಿಯಲ್ಲಿ ಆಸ್ತಿಯಿದ್ದ ಒಂಟಿ ಹೆಂಗಸರು ವೋಟು ಹಾಕುತ್ತಿದ್ದರು. 1807ರಲ್ಲಿ ಅದನ್ನೂ ಕಿತ್ತುಕೊಂಡರು. ನನಗೆ ಕರ್ಬರ್ ವಾದವೇ ಹೆಚ್ಚು ಸರಿ ಅನಿಸುತ್ತದೆ. ಆದರೆ ಮೇರಿ ಬಾರ್ಟ್‌ಲೆಟ್ ಬರೆದ ಆ ಒಂದು ಪದವನ್ನು ನೋಡದ ಹಾಗೆ ಇರಲೂ ಆಗುವುದಿಲ್ಲ.

ಆಮೇಲೆ ನಾರ್ಟನ್ ಹಿಂದಕ್ಕೆ ನಡೆದರು. 1996ರಲ್ಲಿ ಬಂದ ಪುಸ್ತಕ ಪೂರ್ತಿ 17ನೇ ಶತಮಾನದ್ದು. 2011ರ ಪುಸ್ತಕದಲ್ಲಿ ಅವರು ಹುಡುಕಿದ್ದು ಬುಡದ ಪ್ರಶ್ನೆಯನ್ನೇ: ರಾಜಕೀಯ ಗಂಡಸರದು, ಮನೆ ಹೆಂಗಸರದು ಎಂಬ ಗೆರೆ ಬಿದ್ದದ್ದು ಯಾವಾಗ? ಅನಾದಿಯಿಂದ ಹೀಗೇ ಇತ್ತು ಎಂದುಕೊಂಡವರಿಗೆ ಉತ್ತರ ಆಶ್ಚರ್ಯ ತರುತ್ತದೆ.

ಫ್ರಾನ್ಸಿಸ್ ಬರ್ಕ್ಲಿ ಕಥೆ ನೋಡಿ. ವರ್ಜೀನಿಯಾದ ಗವರ್ನರ್ ಹೆಂಡತಿ. 1676ರಲ್ಲಿ ನಥಾನಿಯಲ್ ಬೇಕನ್ ಆ ಗವರ್ನರ್ ವಿರುದ್ಧ ಬಂಡೆದ್ದಾಗ ಗಂಡನ ಪರ ವಾದ ಮಾಡಲು ಲಂಡನ್ನಿಗೆ ಹೋದದ್ದು ಈಕೆ. ಮುಂದಿನ ವರ್ಷ ವಿಚಾರಣೆಗೆಂದು ರಾಜ ಕಳಿಸಿದ ಕಮಿಷನರ್‌ಗಳಿಗೂ ಬರ್ಕ್ಲಿಗಳಿಗೂ ಎಣ್ಣೆ ಸೀಗೇಕಾಯಿ. ಒಂದು ದಿನ ಕಮಿಷನರ್‌ಗಳು ಗವರ್ನರ್ ಮನೆಯಿಂದ ಹೊರಟರು, ಗವರ್ನರ್ ಸಾರೋಟಿನಲ್ಲೇ. ಕುದುರೆ ನಡೆಸಲು ಕೂತವನು ಊರಿನ ನೇಣು ಹಾಕುವ ಆಸಾಮಿ! ಒಡೆದ ಕಿಟಕಿ ಗಾಜಿನ ಸಂದಿನಿಂದ ಶ್ರೀಮತಿ ಇಣುಕಿ ನೋಡುತ್ತಿದ್ದರು ಎಂದು ಕಮಿಷನರ್‌ಗಳು ದೂರು ಬರೆದಿಟ್ಟಿದ್ದಾರೆ. ಅವರಿಗೆ ಸಿಟ್ಟು ಬಂತು. ಆದರೆ ಹೆಂಗಸಿಗೆ ರಾಜಕೀಯದಲ್ಲಿ ಏನು ಕೆಲಸ ಎಂಬ ಮಾತು ಅಲ್ಲಿ ಏಳಲಿಲ್ಲ. ಆಕೆ ದೊಡ್ಡ ಮನೆತನದವಳು, ಅಷ್ಟು ಸಾಕಿತ್ತು. ಆ ಕಾಲದಲ್ಲಿ ಗಂಡೋ ಹೆಣ್ಣೋ ಎಂಬುದಕ್ಕಿಂತ ಅಂತಸ್ತು ಯಾವುದು ಎಂಬುದೇ ಹೆಚ್ಚು ತೂಗುತ್ತಿತ್ತು ಎಂಬುದು ನಾರ್ಟನ್ ವಾದ.

ಗೆರೆ ಬಿದ್ದದ್ದು ಆಮೇಲೆ. 1690ರ ದಶಕದಲ್ಲಿ ಲಂಡನ್ನಿನ ಜಾನ್ ಡಂಟನ್ ಓದುಗರ ಪ್ರಶ್ನೆಗೆ ಉತ್ತರ ಕೊಡುವ ಪತ್ರಿಕೆ ನಡೆಸುತ್ತಿದ್ದ. ಅದರಲ್ಲಿ ಹೆಂಗಸರಿಗೆಂದೇ ಬೇರೆ ವಿಷಯಗಳು: ಪ್ರೀತಿ, ಮದುವೆ, ಸಂಸಾರ. ನೋಡನೋಡುತ್ತಾ ಇದು ಸಹಜ ಎನ್ನುವಂತಾಯಿತು. ಗಂಡಸರಿಗೆ ರಾಜಕೀಯ ಮಾತಾಡುವ ಕಾಫಿಹೌಸು, ಹೆಂಗಸರಿಗೆ ಮನೆಯ ಟೀ ಮೇಜು.

ಸುಮಾರು ಎಂಬತ್ತು ವರ್ಷ ದಾಟಿ ಬನ್ನಿ. 1774ರ ಅಕ್ಟೋಬರ್, ಉತ್ತರ ಕ್ಯಾರೊಲಿನಾದ ಎಡೆಂಟನ್ ಊರು. ಬ್ರಿಟಿಷ್ ತೆರಿಗೆ ವಿರುದ್ಧದ ಬಹಿಷ್ಕಾರಕ್ಕೆ ನಾವೂ ಇದ್ದೇವೆ ಎಂದು 51 ಹೆಂಗಸರು ಸಹಿ ಹಾಕಿದರು. ಬಹಳ ಮಂದಿ ಅನುಕೂಲಸ್ಥರ ಮನೆಯವರು. ಸುದ್ದಿ ಲಂಡನ್ ತಲುಪಿತು. ಮರುವರ್ಷ ಅಲ್ಲೊಂದು ವ್ಯಂಗ್ಯಚಿತ್ರ ಅಚ್ಚಾಯಿತು: ವಿಕಾರ ಮುಖದ ಹೆಂಗಸರು, ಮೇಜಿನ ಕೆಳಗೆ ಯಾರೂ ನೋಡಿಕೊಳ್ಳದ ಮಗು. ಫ್ರಾನ್ಸಿಸ್ ಬರ್ಕ್ಲಿ ಮೇಲೆ ಜನ ಸಿಟ್ಟಾಗಿದ್ದರು. ಇವರನ್ನು ನೋಡಿ ನಕ್ಕರು. ಆ ನಗುವಿನಲ್ಲೇ ಗೆರೆ ಕಾಣುತ್ತದೆ.

ನಾರ್ಟನ್ 2018ರಲ್ಲಿ ಅದೇ ಹಿಸ್ಟಾರಿಕಲ್ ಅಸೋಸಿಯೇಷನ್ನಿಗೆ ಅಧ್ಯಕ್ಷರಾದರು. 2020ರಲ್ಲಿ ಬಂದ ಅವರ ಪುಸ್ತಕ 1774 ಎಂಬ ಒಂದೇ ವರ್ಷದ ಮೇಲೆ.

ಆ ವ್ಯಂಗ್ಯಚಿತ್ರದಲ್ಲಿ ಇನ್ನೊಬ್ಬಳಿದ್ದಾಳೆ. ಹಿಂದೆ ನಿಂತ ಕಪ್ಪು ಹೆಣ್ಣು, ಒಡತಿಯರ ಸಹಿಗೆ ಮಸಿ ಹಿಡಿದುಕೊಂಡು. ದೊಡ್ಡ ಮನೆಗಳ ಕಾಗದ ಪತ್ರಗಳಲ್ಲಿ ಇಂಥವರು ಎಲ್ಲೆಲ್ಲೂ ಇದ್ದಾರೆ. ಅವರನ್ನು ಹುಡುಕಿದ್ದು ಮುಂದಿನ ವಿದ್ವಾಂಸರು. ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಮನೆಯಲ್ಲಿ ಗುಲಾಮರಾಗಿದ್ದ ಹೆಮಿಂಗ್ಸ್ ಕುಟುಂಬದ ಚರಿತ್ರೆ ಬರೆದ ಆನೆಟ್ ಗಾರ್ಡನ್-ರೀಡ್‌ಗೆ 2009ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಎರಿಕಾ ಆರ್ಮ್‌ಸ್ಟ್ರಾಂಗ್ ಡನ್ಬಾರ್ 2017ರಲ್ಲಿ ಓನಾ ಜಡ್ಜ್ ಬದುಕನ್ನು ಬರೆದರು.

ಓನಾ ಮಾರ್ಥಾ ವಾಷಿಂಗ್ಟನ್ನರ ಖಾಸಾ ಸೇವಕಿ, ಗುಲಾಮಳು. ಮಾರ್ಥಾ ತನ್ನನ್ನು ಮೊಮ್ಮಗಳಿಗೆ ಕೊಟ್ಟುಬಿಡುತ್ತಾರೆ ಎಂದು ಗೊತ್ತಾದಾಗ, 1796ರ ಮೇ 21ರಂದು ಫಿಲಡೆಲ್ಫಿಯಾದ ಅಧ್ಯಕ್ಷರ ಮನೆಯಿಂದ ತಪ್ಪಿಸಿಕೊಂಡಳು. ಎರಡು ದಿನದಲ್ಲಿ ಪತ್ರಿಕೆಗೆ ಕೊಟ್ಟ ಜಾಹೀರಾತಿನಲ್ಲಿ ಮುಖದ ತುಂಬ ಕಂದು ಚುಕ್ಕೆ, ಕಪ್ಪು ಕಣ್ಣು, ದಟ್ಟ ಕೂದಲು ಎಲ್ಲ ಇದೆ. ಬಗೆಬಗೆಯ ಒಳ್ಳೆಯ ಬಟ್ಟೆಗಳಿವೆ ಎಂದೂ ಇದೆ. ಹಿಡಿದುಕೊಟ್ಟವರಿಗೆ 10 ಡಾಲರ್ ಬಹುಮಾನ. ಯಾರಿಂದಲೂ ಆಗಲಿಲ್ಲ. ಅರ್ಧ ಶತಮಾನ ಕಳೆದ ಮೇಲೆ ನ್ಯೂ ಹ್ಯಾಂಪ್‌ಶೈರ್‌ನ ಸಣ್ಣ ಮನೆಯಲ್ಲಿ ಕೂತು ಆಕೆ ಪತ್ರಿಕೆಯವರಿಗೆ ಆ ದಿನದ ಕಥೆ ಹೇಳಿದಳು. ಅವರು ವರ್ಜೀನಿಯಾಕ್ಕೆ ಹೋಗಲು ಗಂಟು ಕಟ್ಟುತ್ತಿದ್ದರು, ನಾನೂ ಕಟ್ಟುತ್ತಿದ್ದೆ, ಎಲ್ಲಿಗೆ ಅಂತ ನನಗೇ ಗೊತ್ತಿರಲಿಲ್ಲ ಎಂದಳು. ಅವರು ಊಟಕ್ಕೆ ಕೂತಿದ್ದಾಗ ಮನೆ ಬಿಟ್ಟೆ ಎಂದಳು.