ತೋಟದ ಎರೆಹುಳ ಆಕ್ಸಲಾಟಲ್‌ಗೆ ಹಾಕಬಹುದಾ?

ಪ್ರಶ್ನೆ: ಮನೆ ಹಿಂದೆ ಮಣ್ಣು ಕೆದಕಿದರೆ ಸಾಕು, ಎರೆಹುಳ ಬೇಕಾದಷ್ಟು ಸಿಗುತ್ತದೆ. ಅಂಗಡಿಯ ಪೆಲೆಟ್ ಬಿಟ್ಟು ನಮ್ಮ ಆಕ್ಸಲಾಟಲ್‌ಗೆ ಇದನ್ನೇ ಹಾಕಬಹುದಾ? ಬಸವನಹುಳು, ಗೊಣ್ಣೆಹುಳು ಕೂಡ ಆಗುತ್ತಾ?

ಎರೆಹುಳ ಧಾರಾಳವಾಗಿ ಹಾಕಿ. ಆದರೆ ಅದು ಬಂದ ಮಣ್ಣಿಗೆ ಈಚಿನ ವರ್ಷಗಳಲ್ಲಿ ಏನೇನು ಬಿದ್ದಿದೆ ಅಂತ ನಿಮಗೆ ಗೊತ್ತಿರಬೇಕು. ಗೊತ್ತಿಲ್ಲ ಅಂದರೆ ಬೇಡ. ನೀವು ಕೇಳಿದ ಉಳಿದೆರಡು ಹುಳ ಅಂತೂ ಬೇಡವೇ ಬೇಡ.

ಆಕ್ಸಲಾಟಲ್ ಅಂದರೆ ಕಪ್ಪೆಯ ಬಳಗಕ್ಕೆ ಸೇರಿದ, ಬಾಲ ಇರುವ, ನೀರಲ್ಲೇ ಬದುಕುವ ಪ್ರಾಣಿ. ಅದರ ಮೂಲ ಮೆಕ್ಸಿಕೊ ನಗರದ ಸೊಚಿಮಿಲ್ಕೊ ಕಾಲುವೆಗಳು. ಅಲ್ಲಿ ಅದರ ಊಟ ಹುಳ, ನೀರಿನ ಕೀಟಗಳ ಮರಿ, ಸಣ್ಣ ಮೀನು. ಅದು ಜಗಿಯುವುದಿಲ್ಲ, ಹಲ್ಲು ಹೆಸರಿಗಷ್ಟೇ. ಬಾಯಿ ಪಕ್ಕನೆ ತೆರೆದು, ನೀರಿನ ಸಮೇತ ಎಳೆದುಕೊಂಡು ಇಡಿಯಾಗಿ ನುಂಗುತ್ತದೆ. ಕಣ್ಣೂ ಅಷ್ಟಕ್ಕಷ್ಟೆ, ವಾಸನೆ ಮತ್ತು ಅಲುಗಾಟದಿಂದಲೇ ಊಟ ಹುಡುಕುತ್ತದೆ. ಮೆತ್ತಗೆ, ಚಿಪ್ಪಿಲ್ಲದೆ, ನೀರಿನಲ್ಲಿ ಹೊರಳಾಡುವ ಎರೆಹುಳಕ್ಕಿಂತ ಒಳ್ಳೆಯ ಊಟ ಅದಕ್ಕೆ ಸಿಗುವುದು ಕಷ್ಟ.

ಇನ್ನು ಮಣ್ಣಿನ ವಿಷಯ. ಎರೆಹುಳ ಮಣ್ಣನ್ನೇ ತಿಂದು ಬದುಕುತ್ತದೆ, ಹಾಗಾಗಿ ಮಣ್ಣಿನಲ್ಲಿರುವುದೆಲ್ಲ ಅದರ ಹೊಟ್ಟೆಗೆ ಹೋಗುತ್ತದೆ. ಮಲೆನಾಡಿನ ಅಡಿಕೆ ತೋಟವನ್ನೇ ತಗೊಳ್ಳಿ. ಕೊಳೆರೋಗಕ್ಕೆ ಪ್ರತಿ ಮಳೆಗಾಲ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಅಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತದಲ್ಲಿರುವುದು ತಾಮ್ರ. ಅದು ಬಿಸಿಲಿಗೂ ಕರಗುವುದಿಲ್ಲ, ಕೊಳೆತೂ ಹೋಗುವುದಿಲ್ಲ. ವರ್ಷದಿಂದ ವರ್ಷಕ್ಕೆ ಮೇಲ್ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ. ಕಪ್ಪೆ ಜಾತಿಯ ಪ್ರಾಣಿಗಳಿಗೆ ತಾಮ್ರ ಆಗಿಬರುವುದಿಲ್ಲ. ತಾಮ್ರ ಇರುವ ಮೀನಿನ ಔಷಧಿಯನ್ನು ಆಕ್ಸಲಾಟಲ್ ತೊಟ್ಟಿಗೆ ಹಾಕಬೇಡಿ ಅನ್ನುವುದೂ ಇದಕ್ಕೇ. ಹುಳ ಚುರುಕಾಗಿ ಓಡಾಡುತ್ತಿದೆ ಅಲ್ವಾ, ಅಂದಮೇಲೆ ಮಣ್ಣು ಚೆನ್ನಾಗಿದೆ ಅಂತ ಲೆಕ್ಕ ಹಾಕಬೇಡಿ.

ಪೇಟೆಯಲ್ಲಿ ಬೇರೆ ಗೋಳು. ಮನೆ ಕಟ್ಟುವಾಗ ಪಾಯದ ಸುತ್ತ ಗೆದ್ದಲಿನ ಮದ್ದು ಸುರಿದಿರುತ್ತಾರೆ. ಅಪಾರ್ಟ್‌ಮೆಂಟಿನ ಹುಲ್ಲುಹಾಸಿಗೆ ಮಾಲಿ ಏನು ಸಿಂಪಡಿಸಿದ್ದಾನೆ ಅಂತ ಅವನಿಗೇ ನೆನಪಿರುವುದಿಲ್ಲ. ಪಾರ್ಕು, ರಸ್ತೆ ಬದಿ, ಚರಂಡಿ ಪಕ್ಕದ ಹುಳ ಮುಟ್ಟಲೇಬೇಡಿ.

ನನ್ನ ಕೇಳಿದರೆ, ಮನೆಯಲ್ಲೇ ಒಂದು ಎರೆಗೊಬ್ಬರದ ಡಬ್ಬ ಇಟ್ಟುಬಿಡಿ. ತರಕಾರಿ ಸಿಪ್ಪೆ, ಒಣ ಎಲೆ ಸಾಕು. ಎರೆಗೊಬ್ಬರ ಮಾಡುವವರ ಹತ್ತಿರ ಸಾಮಾನ್ಯವಾಗಿ ಎರಡು ಜಾತಿ ಸಿಗುತ್ತವೆ. ದಪ್ಪಗೆ ಉದ್ದಕ್ಕೆ ಇರುವುದು ಆಫ್ರಿಕಾ ಮೂಲದ ಯೂಡ್ರಿಲಸ್, ಅದನ್ನೇ ತನ್ನಿ. ಸಣ್ಣಗೆ ಕೆಂಪಗೆ, ಮೈಮೇಲೆ ಪಟ್ಟೆ ಇರುವುದು ಐಸೀನಿಯಾ. ಅದನ್ನು ಬೆರಳಲ್ಲಿ ಹಿಡಿದರೆ ಹಳದಿ ರಸ ಒಸರುತ್ತದೆ, ನಾತ ಬೇರೆ. ಎಷ್ಟೋ ಆಕ್ಸಲಾಟಲ್‌ಗಳು ಅದನ್ನು ಬಾಯಿಗೆ ಎಳೆದುಕೊಂಡ ಮರುಕ್ಷಣವೇ ಉಗಿದು, ತಲೆ ಕೊಡವಿ ಹಿಂದೆ ಸರಿಯುತ್ತವೆ. ಇರುವುದು ಅದೊಂದೇ ಅಂದರೆ ತುಂಡು ಮಾಡಿ, ಬಿಸಿನೀರಲ್ಲಿ ಕೆಲವೇ ಸೆಕೆಂಡು ಅದ್ದಿ, ತೊಳೆದು ಕೊಡಿ.

ಯಾವ ಹುಳವಾದರೂ ಒಂದೆರಡು ದಿನ ಒದ್ದೆ ಕೊಕೊಪೀಟ್‌ನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ ಬಿಡಿ, ಹೊಟ್ಟೆಯ ಮಣ್ಣು ಖಾಲಿಯಾಗುತ್ತದೆ. ಆಮೇಲೆ ಕ್ಲೋರಿನ್ ಇಲ್ಲದ ನೀರಲ್ಲಿ ತೊಳೆಯಿರಿ. ಉಪ್ಪು, ಸೋಪು ಏನೂ ಬೇಡ. ದೊಡ್ಡ ಆಕ್ಸಲಾಟಲ್‌ಗೆ ಎರಡು ಮೂರು ದಿನಕ್ಕೊಮ್ಮೆ ಕೊಟ್ಟರೆ ಸಾಕು. ಮರಿಗಳಿಗೆ ದಿನಾ ಬೇಕು, ಅದೂ ಸಣ್ಣ ತುಂಡು. ತಿನ್ನದೆ ಬಿಟ್ಟದ್ದನ್ನು ಅವತ್ತೇ ತೆಗೆಯಿರಿ, ಇಲ್ಲದಿದ್ದರೆ ನೀರು ಕೆಡುತ್ತದೆ.

ಬಸವನಹುಳು ಯಾಕೆ ಬೇಡ? ಇಲಿಗಳ ಶ್ವಾಸಕೋಶದಲ್ಲಿ ಇರುವ ಒಂದು ಜಂತಿನ ಮರಿಗಳು ಬೆಳೆಯುವುದು ಬಸವನಹುಳುವಿನಲ್ಲೇ. ಅದು ಮನುಷ್ಯರ ಮೆದುಳಿಗೂ ತೊಂದರೆ ಕೊಡುತ್ತದೆ, ಬರಿಗೈಲಿ ಹಿಡಿಯುವುದೂ ಒಳ್ಳೆಯದಲ್ಲ. ಸಾಲದ್ದಕ್ಕೆ ಚಿಪ್ಪು ಬೇರೆ. ಗೊಣ್ಣೆಹುಳುವಿನ ಮೈ ಮೆತ್ತಗಿದ್ದರೂ ತಲೆ ಗಟ್ಟಿ, ದವಡೆ ಚೂಪು. ಕಂಬಳಿಹುಳ, ಜರಿ ಬಗ್ಗೆ ಹೇಳಬೇಕಾಗಿಯೇ ಇಲ್ಲ.

ಮಳೆಗಾಲದಲ್ಲಿ ಹೊಂಡದ ಗೊದಮೊಟ್ಟೆ ನೋಡಿದರೆ ಆಸೆಯಾಗುತ್ತದೆ, ಅದೂ ಬೇಡ. ಆಕ್ಸಲಾಟಲ್ ಕೂಡ ಕಪ್ಪೆಯ ಬಳಗದ್ದೇ. ಕೈಟ್ರಿಡ್ ಶಿಲೀಂಧ್ರ, ರಾನಾವೈರಸ್ ತರಹದ ಕಾಯಿಲೆ ಗೊದಮೊಟ್ಟೆಯಿಂದ ನೇರವಾಗಿ ಅಂಟಬಹುದು.

ಸೊಳ್ಳೆಮರಿ ಮಾತ್ರ ಚಿಕ್ಕ ಆಕ್ಸಲಾಟಲ್‌ಗಳಿಗೆ ನಿಜಕ್ಕೂ ಒಳ್ಳೆಯ ಊಟ. ಆದರೆ ಅದಕ್ಕೆಂದು ತಾರಸಿಯಲ್ಲಿ ಬಕೆಟ್ ತೆರೆದಿಡಬೇಡಿ. ತಿಂದು ಮಿಕ್ಕಿದ ಮರಿಗಳು ಸುಮ್ನೆ ಕೂರುವುದಿಲ್ಲ, ರೆಕ್ಕೆ ಬಂದು ಮನೆಯವರನ್ನೇ ಕಚ್ಚುತ್ತವೆ. 2024ರಲ್ಲಿ ಡೆಂಗ್ಯೂ ಜಾಸ್ತಿಯಾದಾಗ ಕರ್ನಾಟಕ ಸರ್ಕಾರ ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೆ ದಂಡವನ್ನೂ ಗೊತ್ತು ಮಾಡಿತು, ಪಟ್ಟಣದ ಮನೆಗೆ 400 ರೂಪಾಯಿ. ಆ ದುಡ್ಡಿಗೆ ಎರೆಗೊಬ್ಬರದ ಡಬ್ಬವೇ ಬರುತ್ತದೆ.